ಫೈಬ್ರಾಯ್ಡ್ ರಕ್ತಸ್ರಾವಕ್ಕೆ ಯಾವ ಔಷಧಿಯಿಂದ ಶುರು ಮಾಡಲಿ?

ನಸುಕು:
ನನಗೆ 43 ವರ್ಷ. ಗರ್ಭಕೋಶದಲ್ಲಿ ಮೂರು ಫೈಬ್ರಾಯ್ಡ್ ಗಡ್ಡೆ. ದೊಡ್ಡದು 4 ಸೆಂಟಿಮೀಟರ್, ಗೋಡೆಯೊಳಗೇ ಇದೆ. ಹಿಮೋಗ್ಲೋಬಿನ್ 8.9. ಮುಟ್ಟಿನ ಎರಡನೇ ರಾತ್ರಿ ಎರಡು ಗಂಟೆಗೊಮ್ಮೆ ಅಲಾರಂ ಇಟ್ಟುಕೊಂಡು ಎದ್ದು ಪ್ಯಾಡ್ ಬದಲಿಸುತ್ತೇನೆ. ಆಫೀಸಿನಲ್ಲಿ ಕುರ್ಚಿ ಮೇಲೆ ಕಪ್ಪು ಟವೆಲ್ ಮಡಚಿ ಹಾಕಿಕೊಂಡು ಕೂರುತ್ತೇನೆ. ಮೀಟಿಂಗ್ ಮುಗಿದರೂ ಎಲ್ಲರೂ ಹೋಗುವ ತನಕ ಏಳುವುದಿಲ್ಲ.

ಡಾಕ್ಟರ್ ಮೂರು ದಾರಿ ಹೇಳಿದ್ದಾರೆ. ಮುಟ್ಟಿನ ದಿನಗಳಲ್ಲಿ ಮಾತ್ರ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ. ಇಲ್ಲವೇ ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಇರುವ ಕಾಯಿಲ್. ಇಲ್ಲವೇ ಅಂಡಾಶಯದ ಹಾರ್ಮೋನ್ ತಗ್ಗಿಸುವ ರೆಲುಗೊಲಿಕ್ಸ್ ಕಾಂಬಿನೇಷನ್ ಮಾತ್ರೆ, ದಿನಕ್ಕೊಂದು. ಯಾವುದಾದರೂ ಜೊತೆಗೆ ಕಬ್ಬಿಣದ ಮಾತ್ರೆ ಇದ್ದೇ ಇದೆ. ಆಪರೇಷನ್ ಸದ್ಯಕ್ಕೆ ಬೇಡ ಎಂದಿದ್ದೇನೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಹೊಂಗೆನೆರಳು:
ಟ್ರಾನೆಕ್ಸಾಮಿಕ್. ಕಣ್ಣುಮುಚ್ಚಿ ತೆಗೆದುಕೊಳ್ಳಿ ಅಕ್ಕಾ. ನಾನು ಮೂರು ವರ್ಷದಿಂದ ತೆಗೆದುಕೊಳ್ಳುತ್ತಿದ್ದೇನೆ. ಹಾರ್ಮೋನ್ ಗೊಡವೆ ಇಲ್ಲ. ತಿಂಗಳಿಗೆ ನಾಲ್ಕೇ ದಿನ, ಉಳಿದ ದಿನ ಅದರ ನೆನಪೂ ಇರುವುದಿಲ್ಲ. ಮೊದಲ ತಿಂಗಳಲ್ಲೇ ರಕ್ತ ಅರ್ಧಕ್ಕೆ ಇಳಿಯಿತು.

ಕಲ್ಲುಬಂಡೆ:
"ಕಣ್ಣುಮುಚ್ಚಿ" ಅಂತ ಮಾತ್ರ ಹೇಳಬೇಡಿ ಮೇಡಂ. ಅದು ರಕ್ತ ಹೆಪ್ಪುಗಟ್ಟಿಸುವ ಮಾತ್ರೆ. ನನ್ನ ಅಕ್ಕ ಇದನ್ನೇ ತೆಗೆದುಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಎಡಗಾಲು ಊದಿ ಬಿಗಿಯಾಗಿತ್ತು. ಕಾಲಿನ ರಕ್ತನಾಳದಲ್ಲಿ ಹೆಪ್ಪು.

ಔಷಧಿಪೆಟ್ಟಿಗೆ:
ನಿಮ್ಮ ಅಕ್ಕನಿಗೆ ಆದದ್ದಕ್ಕೆ ಬೇಸರವಿದೆ. ಆದರೆ "ಹೆಪ್ಪುಗಟ್ಟಿಸುವ ಮಾತ್ರೆ" ಅನ್ನುವುದು ತಪ್ಪು. ಹೆಪ್ಪನ್ನು ಕಟ್ಟುವುದು ದೇಹ. ಆಮೇಲೆ ಪ್ಲಾಸ್ಮಿನ್ ಎಂಬ ಕಿಣ್ವ ಅದನ್ನು ಕರಗಿಸುತ್ತದೆ. ಮುಟ್ಟಿನಲ್ಲಿ ಗರ್ಭಕೋಶದ ಒಳಗೆ ಈ ಕರಗಿಸುವ ಕೆಲಸ ಜೋರಾಗಿ ನಡೆದರೆ ರಕ್ತ ನಿಲ್ಲುವುದಿಲ್ಲ. ಮಾತ್ರೆ ಅದನ್ನು ತಡೆಯುತ್ತದೆ, ಅಷ್ಟೇ. ಅದು ತಾನೇ ಹೊಸ ಹೆಪ್ಪು ಕಟ್ಟುವುದಿಲ್ಲ.

ಕಲ್ಲುಬಂಡೆ:
ಕರಗದೇ ಉಳಿದ ಹೆಪ್ಪೂ ಹೆಪ್ಪೇ ಅಲ್ವಾ? ಕಾಲಿನಲ್ಲಿ ಸಣ್ಣದೊಂದು ಇದ್ದವರಿಗೆ ಅದು ಕರಗದೇ ಬೆಳೆದರೆ, ನೀವು ಅದನ್ನು ಏನೆಂದು ಕರೆದರೆ ಏನು ಪ್ರಯೋಜನ? ಹಿಂದೆ ಹೆಪ್ಪುಗಟ್ಟಿದವರಿಗೆ ಕೊಡಬಾರದು ಅಂತ ಔಷಧಿ ಡಬ್ಬಿಯೊಳಗಿನ ಚೀಟಿಯಲ್ಲೇ ಇದೆ.

ಹೊಂಗೆನೆರಳು:
ಚೀಟಿಯಲ್ಲಿ ಎಲ್ಲಾ ಇರುತ್ತದೆ. ಅದನ್ನು ಓದಿ ಹೆದರಿದರೆ ಜ್ವರದ ಮಾತ್ರೆಯನ್ನೂ ನುಂಗಲಾಗುವುದಿಲ್ಲ. 2017ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ವುಮನ್ ಟ್ರಯಲ್ ಎಂಬ ಔಷಧಿ ಪರೀಕ್ಷೆ ನೋಡಿ. 21 ದೇಶ, 20,000ಕ್ಕೂ ಜಾಸ್ತಿ ಹೆಂಗಸರು. ಈ ಔಷಧಿ ಪಡೆದವರಲ್ಲಿ ಹೆಪ್ಪುಗಟ್ಟುವ ತೊಂದರೆ ಹೆಚ್ಚಾಗಲಿಲ್ಲ. ಇನ್ನೇನು ಬೇಕು?

ತಿಳಿನೀರು:
ಆ 20,000 ಹೆಂಗಸರು ಹೆರಿಗೆಯ ನಂತರ ವಿಪರೀತ ರಕ್ತ ಹೋಗುತ್ತಿದ್ದ ಬಾಣಂತಿಯರು. ರಕ್ತನಾಳಕ್ಕೆ 1 ಗ್ರಾಂ, ನಿಲ್ಲದಿದ್ದರೆ ಇನ್ನೊಂದು. ಅಲ್ಲಿಗೆ ಮುಗಿಯಿತು. ತಿಂಗಳು ತಿಂಗಳು ಗ್ರಾಂಗಟ್ಟಲೆ ನುಂಗುವುದಕ್ಕೂ ಅದಕ್ಕೂ ಹೋಲಿಕೆ ಎಲ್ಲಿ? ನಸುಕು ಅವರೇ, ನೀವು ರೆಲುಗೊಲಿಕ್ಸ್ ಕಡೆ ನೋಡಿ. ಅದರ ಮೇಲೆ ನಡೆದ 24 ವಾರದ ಎರಡು ಲಿಬರ್ಟಿ ಟ್ರಯಲ್‌ಗಳಲ್ಲಿ 73 ಮತ್ತು 71 ಶೇಕಡಾ ಹೆಂಗಸರಿಗೆ ರಕ್ತಸ್ರಾವ 80 ಮಿಲಿಲೀಟರ್‌ಗಿಂತ ಕೆಳಗೆ, ಮೊದಲಿನ ಅರ್ಧಕ್ಕಿಂತಲೂ ಕೆಳಗೆ ಬಂತು. ಔಷಧಿ ಇಲ್ಲದ ಸುಮ್ನೆ ಗುಳಿಗೆ ಕೊಟ್ಟವರಲ್ಲಿ 19 ಮತ್ತು 15 ಶೇಕಡಾ. ನನಗೆ ಎರಡನೇ ತಿಂಗಳಿಗೆ ಮುಟ್ಟೇ ನಿಂತಿತು. ಹಿಮೋಗ್ಲೋಬಿನ್ 12 ದಾಟಿತು.

ಸಂಪಿಗೆ_ಮರ:
ಗಡ್ಡೆ ಕರಗಿತಾ?

ತಿಳಿನೀರು:
ರಕ್ತ ನಿಂತಿತು ಅಂದೆನಲ್ಲ.

ಸಂಪಿಗೆ_ಮರ:
ನಾನು ಕೇಳಿದ್ದು ಗಡ್ಡೆ. ಅದೇ ಟ್ರಯಲ್‌ಗಳಲ್ಲಿ ಗಡ್ಡೆಯ ಗಾತ್ರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಜೊತೆಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 24 ತಿಂಗಳ ಮಿತಿ ಹಾಕಿದೆ, ಮೂಳೆ ಸವೆಯುತ್ತದೆ ಅಂತ. 43ಕ್ಕೆ ಶುರು ಮಾಡಿದರೆ 45ಕ್ಕೆ ನಿಲ್ಲಿಸಬೇಕು. ಮುಟ್ಟು ನಿಲ್ಲುವ ವಯಸ್ಸು ಆಗಲೂ ಬಂದಿರುವುದಿಲ್ಲ. ಆಮೇಲೆ? ಕಾಯಿಲ್ ಹಾಕಿಸಿಕೊಂಡರೆ ವರ್ಷಗಟ್ಟಲೆ ಚಿಂತೆ ಇಲ್ಲ. ನನ್ನದು ನಾಲ್ಕನೇ ವರ್ಷ.

ತಿಳಿನೀರು:
"ಚಿಂತೆ ಇಲ್ಲ" ನಿಮಗೆ. ಗಡ್ಡೆ ಒಳಗಿನ ಜಾಗವನ್ನು ಒತ್ತಿ ಸೊಟ್ಟ ಮಾಡಿದ್ದರೆ ಕಾಯಿಲ್ ನಿಲ್ಲುವುದಿಲ್ಲ. ನನ್ನದು ಐದನೇ ತಿಂಗಳಿಗೆ ಬಚ್ಚಲಲ್ಲಿ ಬಿತ್ತು. ಆ 24 ತಿಂಗಳ ಮಿತಿ ಯುರೋಪಿನಲ್ಲಿ ಇಲ್ಲ. ಅಲ್ಲಿ ಒಂದು ವರ್ಷದ ನಂತರ ಮೂಳೆ ಸ್ಕ್ಯಾನ್ ಮಾಡಿಸಿ ನೋಡಿ ಮುಂದುವರಿಸುತ್ತಾರೆ.

ಹೊಂಗೆನೆರಳು:
ಬಾಣಂತಿಯರ ಮಾತು ಬಿಟ್ಟು ಓಡಿಹೋಗಬೇಡಿ. ಮುಟ್ಟಿನ ರಕ್ತಸ್ರಾವಕ್ಕೆ ಅಂತಲೇ ಎಫ್‌ಡಿಎ 2009ರಲ್ಲಿ ಟ್ರಾನೆಕ್ಸಾಮಿಕ್ ಮಾತ್ರೆಗೆ ಒಪ್ಪಿಗೆ ಕೊಟ್ಟಿದೆ. ಅವರಿಗೆ ತಿಳಿಯದ್ದು ನಿಮಗೆ ತಿಳಿದಿದೆಯೇ?

ಔಷಧಿಪೆಟ್ಟಿಗೆ:
ಇನ್ನೊಂದು ವಿಷಯ. ಇದನ್ನು 1962ರಲ್ಲಿ ಜಗತ್ತಿಗೆ ಕೊಟ್ಟವರಲ್ಲಿ ಜಪಾನಿನ ಉಟಾಕೊ ಒಕಾಮೊಟೊ ಎಂಬ ಹೆಣ್ಣುಮಗಳು ಒಬ್ಬರು. ಬಾಣಂತಿಯರು ರಕ್ತ ಹೋಗಿ ಸಾಯಬಾರದು ಎನ್ನುವುದು ಅವರ ಹಂಬಲವಾಗಿತ್ತು. ಆ ದೊಡ್ಡ ಟ್ರಯಲ್‌ನ ಫಲಿತಾಂಶ ಬರುವ ಮೊದಲೇ, 2016ರಲ್ಲಿ ತೀರಿಕೊಂಡರು. ಇಂಥ ಔಷಧಿಗೆ ಕೆಟ್ಟ ಹೆಸರು ತರುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಿ. ನಿಮ್ಮ ಅಕ್ಕ ಆಗ ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದರಾ?

ಕಲ್ಲುಬಂಡೆ:
ಗರ್ಭನಿರೋಧಕ ಮಾತ್ರೆ. ಮುಟ್ಟು ಹತೋಟಿಗೆ ಬರಲಿ ಅಂತ ಬೇರೆ ಡಾಕ್ಟರ್ ಬರೆದದ್ದು. ಅದಕ್ಕೇನು?

ಔಷಧಿಪೆಟ್ಟಿಗೆ:
ಅದಕ್ಕೇ ಎಲ್ಲಾ ಆದದ್ದು! ಈಸ್ಟ್ರೋಜನ್ ಹಾರ್ಮೋನ್ ಇರುವ ಮಾತ್ರೆಯೇ ಹೆಪ್ಪಿನ ಅಪಾಯ ಹೆಚ್ಚಿಸುತ್ತದೆ. ಎರಡನ್ನೂ ಒಟ್ಟಿಗೆ ಕೊಡಬಾರದು ಎಂದು ಎಫ್‌ಡಿಎ ಲೇಬಲ್‌ನಲ್ಲೇ ಇದೆ. ತಪ್ಪು ಟ್ರಾನೆಕ್ಸಾಮಿಕ್‌ನದಲ್ಲ.

ಹೊಂಗೆನೆರಳು:
ನೋಡಿದ್ರಾ. ಇಷ್ಟು ಹೊತ್ತು ಅರ್ಧ ಕಥೆ ಹೇಳಿ ಎಲ್ಲರನ್ನೂ ಹೆದರಿಸಿದ್ರಿ.

ಕಲ್ಲುಬಂಡೆ:
ಅರ್ಧ ಕಥೆಯಾ? ಅಕ್ಕ ಆರು ತಿಂಗಳು ರಕ್ತ ತೆಳುಮಾಡುವ ಮಾತ್ರೆ ನುಂಗಿದಳು. ಆ ಮಾತ್ರೆಯಿಂದ ಮುಟ್ಟಿನ ರಕ್ತ ಇನ್ನೂ ಜಾಸ್ತಿಯಾಗಿ, ಕೊನೆಗೆ ರಕ್ತ ಏರಿಸಬೇಕಾಯಿತು. ನಾನು ಪಕ್ಕದಲ್ಲಿ ಕೂತು ಹನಿ ಬೀಳುವುದನ್ನು ನೋಡಿದ್ದೇನೆ. ಎರಡೂ ಒಟ್ಟಿಗೆ ಬೇಡ ಅಂತ ಅವಳಿಗೆ ಒಬ್ಬರೂ ಹೇಳಲಿಲ್ಲ. ಡಾಕ್ಟರೂ ಇಲ್ಲ, ಮಾತ್ರೆ ಕೊಟ್ಟ ಅಂಗಡಿಯವರೂ ಇಲ್ಲ. ನೀವೂ ಹೇಳಲಿಲ್ಲ. ಏನೂ ಕೇಳದೆ ಕಣ್ಣುಮುಚ್ಚಿ ಅಂದುಬಿಟ್ಟಿರಿ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಹೊಂಗೆನೆರಳು:
ನಾನೇನು ಡಾಕ್ಟರ್ ಅಲ್ಲ. ನನ್ನ ಅನುಭವ ಹೇಳಿದೆ.

ಕಲ್ಲುಬಂಡೆ:
ಅನುಭವ ಹೇಳುವುದು ಬೇರೆ, "ತೆಗೆದುಕೊಳ್ಳಿ" ಅನ್ನುವುದು ಬೇರೆ.

ನಸುಕು:
ಒಂದು ನಿಮಿಷ. ರೆಲುಗೊಲಿಕ್ಸ್ ಕಾಂಬಿನೇಷನ್‌ನಲ್ಲೂ ಈಸ್ಟ್ರೋಜನ್ ಇದೆಯಾ?

ತಿಳಿನೀರು:
ಇದೆ, ಎಸ್ಟ್ರಾಡಯಾಲ್ 1 ಮಿಲಿಗ್ರಾಂ. ಮೂಳೆ ಕಾಪಾಡಲು, ಬಿಸಿಬಿಸಿ ಬೆವರುವುದನ್ನು ತಡೆಯಲು ಸೇರಿಸಿದ್ದು. ತುಂಬಾ ಕಡಿಮೆ. ಅದಕ್ಕೆ ಹೆದರಬೇಕಿಲ್ಲ.

ಔಷಧಿಪೆಟ್ಟಿಗೆ:
"ಹೆದರಬೇಕಿಲ್ಲ" ಎಲ್ಲರಿಗೂ ಹೊಂದುವ ಮಾತಲ್ಲ. 35 ದಾಟಿ ಸಿಗರೇಟ್ ಸೇದುವವರಿಗೆ, ಬಿಪಿ ಹತೋಟಿಯಲ್ಲಿ ಇಲ್ಲದವರಿಗೆ, ಹಿಂದೆ ಹೆಪ್ಪುಗಟ್ಟಿದವರಿಗೆ ಕೊಡುವುದಿಲ್ಲ. 35 ದಾಟಿದವರಿಗೆ ಔರಾ ಇರುವ ಮೈಗ್ರೇನ್ ಇದ್ದರೂ ಬೇಡ. ತಲೆನೋವಿಗೆ ಮೊದಲು ಕಣ್ಣ ಮುಂದೆ ಬೆಳಕು ಕುಣಿಯುತ್ತದಲ್ಲ, ಆ ಥರದ್ದು.

ನಸುಕು:
ನನಗೆ ಅದು ಇದೆ. ಅಂಕುಡೊಂಕಾದ ಗೆರೆ, ಅಂಚಿನಲ್ಲಿ ಮಿನುಗುತ್ತಾ ಇಪ್ಪತ್ತು ನಿಮಿಷ ದೊಡ್ಡದಾಗುತ್ತಾ ಹೋಗುತ್ತದೆ. ಆಮೇಲೆ ತಲೆ ಸಿಡಿಯುತ್ತದೆ. ವರ್ಷಕ್ಕೆ ಮೂರು ನಾಲ್ಕು ಸಲ. ಮುಟ್ಟಿಗೂ ಇದಕ್ಕೂ ಸಂಬಂಧ ಇರಬಹುದು ಅಂತ ತೋಚಲೇ ಇಲ್ಲ, ಡಾಕ್ಟರಿಗೆ ಹೇಳಿಲ್ಲ. ಸೋಮವಾರ ಹೋಗುವಾಗ ಬರೆದುಕೊಂಡು ಹೋಗುತ್ತೇನೆ.

ತಿಳಿನೀರು:
ಹಾಗಿದ್ದರೆ ಖಂಡಿತ ಹೇಳಿ. ಆದರೆ ಟ್ರಯಲ್‌ನ ಅಂಕಿ ಸುಳ್ಳಾಗುವುದಿಲ್ಲ. ರಕ್ತ ನಿಲ್ಲಿಸುವುದರಲ್ಲಿ ಅದು ಒಳ್ಳೆಯ ಔಷಧಿಯೇ.

ಸಂಪಿಗೆ_ಮರ:
ಕಾಯಿಲ್‌ನಲ್ಲಿ ಈಸ್ಟ್ರೋಜನ್ ಇಲ್ಲ ಅಕ್ಕಾ. ಗಡ್ಡೆ ಒಳಗಿನ ಜಾಗವನ್ನು ಒತ್ತುತ್ತಿದೆಯಾ ಅಂತ ಸ್ಕ್ಯಾನಿಂಗ್ ರಿಪೋರ್ಟ್ ತೋರಿಸಿ ಕೇಳಿ. ಒತ್ತದಿದ್ದರೆ ಅದೇ ಸರಿ.

ಹೊಂಗೆನೆರಳು:
ಟ್ರಾನೆಕ್ಸಾಮಿಕ್‌ನಲ್ಲಿ ಯಾವ ಹಾರ್ಮೋನೂ ಇಲ್ಲ. ಸುತ್ತಿ ಬಳಸಿ ನಾನು ಮೊದಲು ಹೇಳಿದ್ದಕ್ಕೇ ಬಂತು.

ಕಲ್ಲುಬಂಡೆ:
ಬಂದಿಲ್ಲ. ಕಿಡ್ನಿ ಹೇಗಿದೆ ಅಂತ ಕೇಳಿದ್ರಾ? ಕಿಡ್ನಿ ಸರಿ ಇಲ್ಲದಿದ್ದರೆ ಅದರ ಡೋಸ್ ಇಳಿಸಬೇಕು. ಮನೆಯಲ್ಲಿ ಯಾರಿಗಾದರೂ ಹೆಪ್ಪುಗಟ್ಟಿತ್ತಾ ಅಂತ ಕೇಳಿದ್ರಾ? ನಸುಕು ಅವರೇ, ಇವೆರಡನ್ನೂ ಸೋಮವಾರ ಡಾಕ್ಟರ್ ಹತ್ತಿರ ಒಯ್ಯುವ ಚೀಟಿಯಲ್ಲಿ ಬರೆದುಕೊಳ್ಳಿ.