ಬಿಸಿಲ ನಾಡಿನಲ್ಲಿ ಕ್ಯಾಮೆರಾ ಬ್ಯಾಟರಿಯ ಆರೈಕೆ: ಪ್ರಶ್ನೋತ್ತರ

ಪ್ರಶ್ನೆ (ಮದುವೆ ಛಾಯಾಗ್ರಾಹಕರು, ಕಲಬುರಗಿ): ಎರಡು ವರ್ಷಗಳ ಹಿಂದೆ ಕ್ಯಾಮೆರಾ ಜೊತೆಗೆ ಬಂದ ಬ್ಯಾಟರಿ ಮೊದಲು ಸುರಗಿ ಶಾಸ್ತ್ರದಿಂದ ಅಕ್ಕಿಕಾಳು ಬೀಳುವವರೆಗೂ ನಿರಾತಂಕವಾಗಿ ಬರುತ್ತಿತ್ತು. ಈಗ ಮೂವತ್ತು ಶೇಕಡಾ ಉಳಿದಿದೆ ಎಂದು ತೋರಿಸುತ್ತಿರುವಾಗಲೇ ಕ್ಯಾಮೆರಾ ಒಮ್ಮೆಲೇ ಆಫ್ ಆಗುತ್ತದೆ. ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜ್‌ಗೆ ಹಾಕಬೇಕೆಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ಅದನ್ನು ತಪ್ಪದೆ ಪಾಲಿಸಿದ್ದೇನೆ. ಹೀಗಿದ್ದೂ ಬ್ಯಾಟರಿ ಏಕೆ ಕೆಟ್ಟಿತು?

ಉತ್ತರ (ಕ್ಯಾಮೆರಾ ದುರಸ್ತಿ ತಂತ್ರಜ್ಞರು): ನಿಮಗೆ ಕಲಿಸಿದವರು ಹೇಳಿದ್ದು ಅವರ ಕಾಲದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗೆ ಸಲ್ಲುವ ಮಾತು. ಅರ್ಧಕ್ಕೇ ಚಾರ್ಜ್ ಮಾಡುತ್ತಿದ್ದರೆ ಅದು ಆ ಅರ್ಧವನ್ನೇ ತನ್ನ ಮಿತಿಯೆಂದು ರೂಢಿಸಿಕೊಳ್ಳುತ್ತದೆ ಎಂಬ ಭಯ ಆಗ ಇತ್ತು. ನಿಮ್ಮ ಕ್ಯಾಮೆರಾದಲ್ಲಿರುವುದು ಲಿಥಿಯಂ-ಅಯಾನ್. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಬಗೆಯದು. ಇದಕ್ಕೆ ಆ ರೋಗವಿಲ್ಲ. ಬದಲಿಗೆ, ಪದೇ ಪದೇ ತಳದವರೆಗೆ ಖಾಲಿ ಮಾಡುವುದೇ ಇದನ್ನು ಬೇಗ ಮುಪ್ಪಿಗೆ ತಳ್ಳುತ್ತದೆ. ನಲವತ್ತು ಶೇಕಡಾ ಉಳಿದಿರುವಾಗಲೇ ಚಾರ್ಜ್‌ಗೆ ಹಾಕಿದರೆ ಏನೂ ನಷ್ಟವಿಲ್ಲ.

ಆದರೆ ನಮ್ಮ ಭಾಗದಲ್ಲಿ ಇದಕ್ಕಿಂತ ದೊಡ್ಡ ಶತ್ರು ಬಿಸಿಲು. ದುರಸ್ತಿಗೆ ಬರುವ ಬ್ಯಾಟರಿಗಳಲ್ಲಿ ಹೆಚ್ಚಿನವು ಬಳಕೆಯಿಂದ ಸವೆದವಲ್ಲ, ಕಾವಿನಲ್ಲಿ ಬೆಂದವು ಎಂಬುದು ನನ್ನ ಅನುಭವ. ಮೇ ತಿಂಗಳ ಮಧ್ಯಾಹ್ನ ಹೊರಗೆ 42 ಡಿಗ್ರಿ ಇದ್ದರೆ, ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿ ದಾಟುವುದು ಸಾಮಾನ್ಯ. ಆ ಕಾವಿನಲ್ಲಿ, ಅದರಲ್ಲೂ ಪೂರ್ತಿ ಚಾರ್ಜ್ ಆಗಿರುವಾಗ, ಬ್ಯಾಟರಿಯೊಳಗೆ ಬೇಡವಾದ ರಾಸಾಯನಿಕ ಕ್ರಿಯೆಗಳು ವೇಗವಾಗಿ ನಡೆದು ಅದರ ಒಳ ಪ್ರತಿರೋಧ, ಅಂದರೆ ವಿದ್ಯುತ್ ಹರಿವಿಗೆ ಒಳಗಿನಿಂದಲೇ ಆಗುವ ಅಡ್ಡಿ, ಏರುತ್ತದೆ. ಪ್ರತಿರೋಧ ಏರಿದ ಬ್ಯಾಟರಿಯಿಂದ ಕ್ಯಾಮೆರಾ ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ಅದನ್ನು ಖಾಲಿಯೆಂದೇ ತಿಳಿದು ಆರಿಹೋಗುತ್ತದೆ. ನಿಮ್ಮ ಮೂವತ್ತು ಶೇಕಡಾದ ಲೆಕ್ಕ ತಪ್ಪುವುದು ಬಹುತೇಕ ಇಲ್ಲಿಯೇ. ಸಾಮಾನ್ಯವಾಗಿ ಕೊಡುವ ಅಂದಾಜು ಹೀಗಿದೆ: 40 ಡಿಗ್ರಿ ಕಾವಿನಲ್ಲಿ ಪೂರ್ತಿ ಚಾರ್ಜ್ ಮಾಡಿ ಒಂದು ವರ್ಷ ಇಟ್ಟರೆ ಸಾಮರ್ಥ್ಯದ ಸುಮಾರು ಮೂರನೇ ಒಂದು ಭಾಗ ಮತ್ತೆ ಸಿಗದಂತೆ ಹೋಗುತ್ತದೆ, ನಲವತ್ತು ಶೇಕಡಾ ಚಾರ್ಜಿನಲ್ಲಿಟ್ಟರೆ ಹೋಗುವುದು ಅದರ ಅರ್ಧಕ್ಕಿಂತಲೂ ಕಡಿಮೆ.

ಚಿತ್ರೀಕರಣ ಮುಗಿಸಿ ಬಂದೊಡನೆ ಬಿಸಿ ಬ್ಯಾಟರಿಯನ್ನು ಚಾರ್ಜರ್‌ಗೆ ಸಿಕ್ಕಿಸಬೇಡಿ. ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲವಿದ್ದರೆ ಅದರ ಮೇಲೆ ಅರ್ಧ ಗಂಟೆ ಬಿಟ್ಟು, ಅಂಗೈಗೆ ತಂಪೆನಿಸಿದ ಮೇಲೆ ಚಾರ್ಜ್ ಮಾಡಿ. ಪತ್ರಾಸಿನ ಮಾಡಿನ ಕೋಣೆಯಲ್ಲಿ ಹಗಲು ಚಾರ್ಜ್ ಮಾಡುವುದಕ್ಕಿಂತ ರಾತ್ರಿಯ ತಂಪಿನಲ್ಲಿ ಮಾಡುವುದು ಮೇಲು. ಒಳ್ಳೆಯ ಚಾರ್ಜರ್ ಪ್ರತಿ ಸೆಲ್ 4.2 ವೋಲ್ಟ್ ತಲುಪಿದ ಮೇಲೆ ಕರೆಂಟನ್ನು ಮೆಲ್ಲನೆ ಇಳಿಸಿ ತಾನೇ ನಿಲ್ಲಿಸುತ್ತದೆ, ಹೀಗಾಗಿ ಒಂದು ರಾತ್ರಿ ಬಿಟ್ಟದ್ದಕ್ಕೆ ಹೆದರಬೇಕಿಲ್ಲ. ತುಂಬಿದ ಬ್ಯಾಟರಿಯನ್ನು ವಾರಗಟ್ಟಲೆ ಅದರಲ್ಲೇ ಮರೆಯುವುದು ಮಾತ್ರ ತಪ್ಪು.

ಪ್ರಶ್ನೆ (ಬೀದರ್‌ನಿಂದ): ಫ್ಲ್ಯಾಷ್‌ಗೆ ನಾಲ್ಕು ಎಎ ರೀಚಾರ್ಜ್ ಸೆಲ್ ಬಳಸುತ್ತೇನೆ. ಒಂದು ಕೆಟ್ಟಾಗ ಹೊಸದೊಂದನ್ನು ಸೇರಿಸಿದೆ, ಆದರೂ ಫ್ಲ್ಯಾಷ್ ಬೇಗ ಸೋಲುತ್ತಿದೆ.

ಉತ್ತರ: ತೊಂದರೆ ಆ ಹೊಸ ಸೆಲ್ಲಿನದಲ್ಲ, ಅದನ್ನು ಹಳೆಯವುಗಳೊಡನೆ ಕೂಡಿಸಿದ್ದರದು. ನಾಲ್ಕೂ ಸೆಲ್‌ಗಳು ಒಂದರ ಹಿಂದೊಂದು ಸಾಲಾಗಿ ಜೋಡಣೆಯಾಗಿರುವುದರಿಂದ ನಾಲ್ಕರಲ್ಲಿ ಯಾವುದು ಬಡಕಲೋ ಅದರ ಮಟ್ಟಕ್ಕೇ ಫ್ಲ್ಯಾಷ್ ನಿಲ್ಲುತ್ತದೆ. ಉಳಿದ ಮೂರು ಸೆಲ್‌ಗಳು ಖಾಲಿಯಾದದ್ದರ ಮೂಲಕ ಕರೆಂಟನ್ನು ದೂಡಿ ಅದರ ಧ್ರುವವನ್ನೇ ತಿರುಗಿಸಿ ಕೆಡಿಸಲೂಬಹುದು. ನಾಲ್ಕನ್ನೂ ಒಟ್ಟಿಗೆ ಕೊಂಡು, ಮಾರ್ಕರ್‌ನಿಂದ ಒಂದೇ ಗುರುತು ಹಾಕಿ, ಒಟ್ಟಿಗೆ ಬಳಸಿ, ಒಟ್ಟಿಗೆ ಚಾರ್ಜ್ ಮಾಡಿ. ಪ್ರತಿ ಸೆಲ್ಲನ್ನು ಬೇರೆ ಬೇರೆಯಾಗಿ ಅಳೆಯುವ ಚಾರ್ಜರ್‌ಗೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ಅದು ವ್ಯರ್ಥವಲ್ಲ. ಇಂಥ ಎಎ ರೀಚಾರ್ಜ್ ಸೆಲ್ ಸಾಮಾನ್ಯವಾಗಿ ನಿಕಲ್ ಮೆಟಲ್ ಹೈಡ್ರೈಡ್ ಬಗೆಯದು, 1.2 ವೋಲ್ಟಿನದು; 1.5 ವೋಲ್ಟಿನ ಸಾದಾ ಸೆಲ್ಲನ್ನು ಅದರೊಂದಿಗೆ ಎಂದೂ ಬೆರೆಸಬೇಡಿ.

ಪ್ರಶ್ನೆ (ಯಾದಗಿರಿಯಿಂದ): ಆಷಾಢದಲ್ಲಿ ನಮಗೆ ಮದುವೆ ಕೆಲಸವಿರುವುದಿಲ್ಲ. ಆ ಒಂದು ತಿಂಗಳು ಬ್ಯಾಟರಿಯನ್ನು ಹೇಗೆ ಇಡಬೇಕು? ಅಲ್ಲದೆ ಒಂದು ಬ್ಯಾಟರಿ ಕ್ಯಾಮೆರಾದಿಂದ ಹೊರಬರಲು ಬಿಗಿಯಾಗುತ್ತಿದೆ.

ಉತ್ತರ: ಅರ್ಧದಷ್ಟು ಚಾರ್ಜ್ ಮಾಡಿ, ಕ್ಯಾಮೆರಾದಿಂದ ತೆಗೆದು, ಮುಚ್ಚಳ ಹಾಕಿ, ದಪ್ಪ ಗೋಡೆಯ ಗೂಡಿನಂತಹ ತಂಪು, ಒಣ ಜಾಗದಲ್ಲಿಡಿ. ಮುಚ್ಚಳ ಕಳೆದುಹೋಗಿದ್ದರೆ ತುದಿಗಳ ಮೇಲೆ ಅಂಟುಪಟ್ಟಿ ಹಚ್ಚಿ, ನಾಣ್ಯ, ಕೀಲಿಕೈಗಳ ಜೊತೆ ಚೀಲದಲ್ಲಿ ಹಾಕಬೇಡಿ. ಪೂರ್ತಿ ಖಾಲಿ ಮಾಡಿ ಇಟ್ಟರೆ ತಾನಾಗಿಯೇ ಇನ್ನೂ ಇಳಿದು, ರಕ್ಷಣಾ ಸರ್ಕ್ಯೂಟ್ ಅದನ್ನು ಮತ್ತೆ ಚಾರ್ಜ್ ಆಗಲು ಬಿಡದಿರಬಹುದು.

ಬಿಗಿಯಾಗುವ ಬ್ಯಾಟರಿಯನ್ನು ಇಂದೇ ಕ್ಯಾಮೆರಾದಿಂದ ಹೊರತೆಗೆದು ಚಪ್ಪಟೆ ಗಾಜಿನ ಮೇಲೆ ಮಲಗಿಸಿ, ಒಂದು ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ. ಸ್ವಲ್ಪ ತೂಗಿದರೂ ಒಳಗೆ ಅನಿಲ ಸೇರಿ ಉಬ್ಬಿದೆ ಎಂದರ್ಥ. ಕಳೆದ ಬೇಸಿಗೆಯಲ್ಲಿ ನನ್ನ ಮೇಜಿಗೆ ಬಂದ ಒಂದು ಬ್ಯಾಟರಿ ಹೀಗೆಯೇ ತೂಗಿತ್ತು; ಅದನ್ನು ಎಳೆದು ತೆಗೆಯುವ ಹಟದಲ್ಲಿ ಕ್ಯಾಮೆರಾದ ಬಾಗಿಲಿನ ಕೊಕ್ಕೆಯೇ ಮುರಿದಿತ್ತು. ಉಬ್ಬಿದ್ದನ್ನು ಚಾರ್ಜ್ ಮಾಡಬಾರದು, ಒತ್ತಬಾರದು, ಚುಚ್ಚಬಾರದು, ಮನೆಯ ಕಸದ ಬುಟ್ಟಿಗೂ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ, ಆದ್ದರಿಂದ ಆ ಕಂಪನಿಯ ಸೇವಾ ಕೇಂದ್ರದಲ್ಲಿ ಅಥವಾ ಇ-ತ್ಯಾಜ್ಯ ಸಂಗ್ರಹಿಸುವವರಲ್ಲಿ ವಿಚಾರಿಸಿ. ಅಲ್ಲಿಗೆ ತಲುಪಿಸುವವರೆಗೆ ತುದಿಗಳನ್ನು ಮುಚ್ಚಿ, ಒಣ ಮರಳು ತುಂಬಿದ ಮಣ್ಣಿನ ಕುಡಿಕೆಯಲ್ಲಿ, ಮನೆಯ ಬಟ್ಟೆಬರೆಯಿಂದ ದೂರ, ನೆರಳಿನಲ್ಲಿಡಿ.