ಗೇರ್‌ಬಾಕ್ಸ್ ಕೂಲರ್ ಲೈನ್ ಸೋರಿಕೆ: ಕ್ಲಿಪ್ ಬದಲಿಸಿದ್ರೆ ಸಾಕಾ, ಪೈಪೇ ಕತ್ತರಿಸಬೇಕಾ?

ಪ್ರಶ್ನೆ: 2002ರ ಸಿಲ್ವರಾಡೊ ಪಿಕಪ್, 4ಎಲ್60ಇ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಕೂಲರ್ ಲೈನು (ಗೇರ್‌ಬಾಕ್ಸ್ ಆಯಿಲನ್ನ ತಂಪು ಮಾಡೋಕೆ ಒಯ್ಯೋ ಪೈಪು) ರೇಡಿಯೇಟರಿಗೆ ಸೇರೋ ಜಾಗದಲ್ಲಿ ಆಯಿಲ್ ಜಿನುಗ್ತಿದೆ. ಹೊಸ ಕ್ಲಿಪ್ ಹಾಕಿದ್ರೂ ವಾರದಲ್ಲಿ ಮತ್ತೆ ಒದ್ದೆ. ಈ ಕೆಲಸ ಮಾಡಿದವರು ನಿಮ್ಮ ಅನುಭವ ಹೇಳಿ.

ಉತ್ತರ 1: ಕ್ಲಿಪ್ ಹಿಡಿಯೋದು ಪೈಪನ್ನ. ಆಯಿಲ್ ತಡೆಯೋದು ಫಿಟ್ಟಿಂಗ್ (ಪೈಪ್ ಸಿಕ್ಕಿಸೋ ಜೋಡಣೆ ತುಂಡು) ಒಳಗಿರೋ ಓ-ರಿಂಗ್, ಅಂದ್ರೆ ರಬ್ಬರ್ ಬಳೆ. ಅದು ಒಣಗಿ ಗಟ್ಟಿಯಾಗಿದ್ರೆ ಹತ್ತು ಕ್ಲಿಪ್ ಹಾಕಿದ್ರೂ ಸೋರತ್ತೆ, ಫಿಟ್ಟಿಂಗನ್ನೇ ಬದಲಿಸಬೇಕು. ಇದು ತಿಳಿಯೋಕೆ ನನಗೆ ನಾಲ್ಕು ಕ್ಲಿಪ್, ಆರೂವರೆ ಲೀಟರ್ ಆಯಿಲ್ ಖರ್ಚಾಯ್ತು.

ಕ್ಲಿಪ್ಪನ್ನ ನೇರವಾಗಿ ಒತ್ತಿ ಕೂರಿಸಬೇಡಿ, ಅಗಲವಾಗಿ ಬಿಡತ್ತೆ. ಒಂದು ತುದಿಯನ್ನ ಫಿಟ್ಟಿಂಗಿನ ಸೀಳಿಗೆ ಸಿಕ್ಕಿಸಿ, ಸುತ್ತ ತಿರುಗಿಸ್ತಾ ಬನ್ನಿ. ಮೂರು ಸೀಳಿನಲ್ಲೂ ಕ್ಲಿಪ್ಪಿನ ಕಿವಿ ಕಾಣಬೇಕು. ಪೈಪ್ ತುದಿಗೆ ಆಯಿಲ್ ಸವರಿ ಒತ್ತಿ, ಟಕ್ ಅಂದಮೇಲೆ ಜಗ್ಗಿ ನೋಡಿ. ಪೈಪಿನ ಮೇಲಿನ ಹಳದಿ ಪಟ್ಟಿ ಇನ್ನೂ ಕಾಣ್ತಿದ್ರೆ, ಅಥವಾ ಪ್ಲಾಸ್ಟಿಕ್ ಕ್ಯಾಪ್ ಸರಿಯಾಗಿ ಕೂರದಿದ್ರೆ, ಪೈಪ್ ಪೂರ್ತಿ ಒಳಗೆ ಹೋಗಿಲ್ಲ. ತುದಿಯಲ್ಲಿ ತುಕ್ಕು ತಿಂದ ಗುಳಿ ಇದ್ರೆ ಹೊಸ ಓ-ರಿಂಗ್ ಕೂಡ ಕೆಲಸಕ್ಕೆ ಬರಲ್ಲ.

ಉತ್ತರ 2: ಕ್ಲಿಪ್ ಜೊತೆ ಗುದ್ದಾಡೋದು ದಂಡ. ಈ ಗಾಡಿಗಳಲ್ಲಿ ರಬ್ಬರ್ ಹೋಸನ್ನ ಸ್ಟೀಲ್ ಪೈಪಿಗೆ ಕ್ರಿಂಪ್ ಮಾಡಿರೋ, ಅಂದ್ರೆ ಲೋಹದ ಪಟ್ಟಿಯಿಂದ ಅಮುಕಿ ಕೂರಿಸಿರೋ ಜಾಗವೂ ಸೋರತ್ತೆ. ಆಯಿಲ್ ಪೈಪ್ ಗುಂಟ ಇಳಿದು ಬೇರೆ ಕಡೆ ತೊಟ್ಟಿಕ್ಕತ್ತೆ, ನೀವು ಫಿಟ್ಟಿಂಗನ್ನ ಬೈತಾ ಕೂರ್ತೀರಿ. ಮೊದಲು ಬ್ರೇಕ್ ಕ್ಲೀನರಲ್ಲಿ ಒರೆಸಿ, ಎಂಜಿನ್ ಓಡಿಸಿ, ಎಲ್ಲಿ ಮೊದಲು ಕೆಂಪಾಗತ್ತೆ ನೋಡಿ, ಈ ಆಯಿಲ್ ಬಣ್ಣ ಕೆಂಪು.

ಕ್ರಿಂಪ್ ಆಗಿದ್ರೆ ಪೈಪನ್ನ ಟ್ಯೂಬ್ ಕಟರಲ್ಲೇ ಕತ್ತರಿಸಿ. ಹ್ಯಾಕ್ಸಾ ಬೇಡ. ವಾಪಸ್ ಬರೋ ಆಯಿಲ್ ಫಿಲ್ಟರ್ ದಾಟದೆ ನೇರ ಬೇರಿಂಗ್‌ಗಳಿಗೆ ಹೋಗತ್ತೆ, ಲೋಹದ ಪುಡಿ ಅಲ್ಲೇ ಸೇರತ್ತೆ. 3/8 ಇಂಚಿನ ಪೈಪ್ ತುದಿಗೆ ಬೀಡ್ ಎಬ್ಬಿಸಿ, ಅಂದ್ರೆ ಸುತ್ತ ಉಬ್ಬು ಮಾಡಿ. ಹೋಸ್ ಮೇಲೆ ಎಸ್‌ಎಇ ಜೆ1532 (ಗೇರ್‌ಬಾಕ್ಸ್ ಕೂಲರ್ ಹೋಸಿನ ಮಾನದಂಡ) ಅಂತ ಅಚ್ಚಾಗಿರಬೇಕು, ಹೀಟರ್ ಹೋಸ್ ನಡೆಯಲ್ಲ. ಪೈಪ್ ಕನಿಷ್ಠ ಒಂದು ಇಂಚು ಹೋಸ್ ಒಳಗೆ ಹೋಗಲಿ. ಕ್ಲ್ಯಾಂಪ್ ಬೀಡಿನ ಹಿಂದೆ ಕೂರಲಿ.

ಉತ್ತರ 3: ಹೋಸ್, ಕ್ಲ್ಯಾಂಪ್ ಸಲಹೆ ಕೊಡೋರು ದಯವಿಟ್ಟು ನಿಲ್ಲಿಸಿ. ಜಾರಿ ಕಳಚಿದ್ರೆ ಪಂಪ್ ನಿಲ್ಲಲ್ಲ, ಪ್ಯಾನಿನ ಆಯಿಲ್ ಎಲ್ಲಾ ರಸ್ತೆಗೆ. ಕಾದ ಸೈಲೆನ್ಸರ್ ಪೈಪ್ ಮೇಲೆ ಬಿದ್ರೆ ಬೆಂಕಿ. ಎಎನ್-6 ಫಿಟ್ಟಿಂಗ್ (ಥ್ರೆಡ್ ತಿರುಗಿಸಿ ಬಿಗಿಯೋ ಜೋಡಣೆ) ಹಾಕಿ, ಚಿಂತೆ ಬಿಡಿ.

ಉತ್ತರ 2: ಬೀಡ್ ಅಂತ ಬರೆದದ್ದು ಕಣ್ಣಿಗೆ ಬೀಳಲಿಲ್ವಾ? ಬರೀ ಪೈಪಿಗೆ ಹಾಕಿ ಅಂತ ಯಾರು ಹೇಳಿದ್ರು? ನಿಮ್ಮ ಎಎನ್‌ಗೆ 37 ಡಿಗ್ರಿ ಫ್ಲೇರ್, ಅಂದ್ರೆ ಆಲಿಕೆ ಥರ ಅರಳಿಸಿದ ಪೈಪ್ ತುದಿ ಬೇಕು. ಮಾಮೂಲಿ ಬ್ರೇಕ್ ಫ್ಲೇರ್ ಟೂಲ್ ಕೊಡೋದು 45. ಎರಡನ್ನೂ ಕೂಡಿಸಿ ಬಿಗಿದು ಸೋರಿಸಿಕೊಂಡವರು ಎಷ್ಟು ಜನ ಗೊತ್ತಾ?

ಉತ್ತರ 3: ಟೂಲ್ ಸರಿಯಾಗಿ ತರದವರ ತಪ್ಪು ಅದು, ಫಿಟ್ಟಿಂಗಿಂದಲ್ಲ. ಆದ್ರೆ ಕೇಳಿದವರಿಗೆ ಒಂದು ಎಚ್ಚರಿಕೆ: 4ಎಲ್60ಇ ಕೇಸಿನಲ್ಲಿರೋದು 1/4 ಇಂಚಿನ ನೇರ ಥ್ರೆಡ್, ಎನ್‌ಪಿಎಸ್‌ಎಂ. ಅಲ್ಲಿಗೆ ಟೇಪರ್ (ತುದಿಗೆ ಹೋದಂತೆ ಕಿರಿದಾಗೋ) ಥ್ರೆಡ್ಡಿನ ಎನ್‌ಪಿಟಿ ತಿರುಗಿಸಿದ್ರೆ ಅಲ್ಯೂಮಿನಿಯಂ ಕೇಸ್ ಸೀಳತ್ತೆ. ಟೆಫ್ಲಾನ್ ಟೇಪ್ ಕೂಡ ಸುತ್ತಬೇಡಿ, ಚೂರು ಒಳಗೆ ಹೋಗತ್ತೆ.

ಉತ್ತರ 4: ರೇಡಿಯೇಟರನ್ನೇ ಬಿಟ್ಟು ಬೇರೆ ಕೂಲರ್ ಹಾಕೋದೇ ಒಳ್ಳೇದು. ರೇಡಿಯೇಟರ್ ಒಳಗಿನ ಕೂಲರ್ ತೂತಾದ್ರೆ ಕೂಲಂಟ್ ಆಯಿಲಿಗೆ ಸೇರಿ ಗುಲಾಬಿ ನೊರೆ ಆಗತ್ತೆ, ಕ್ಲಚ್ ಪ್ಲೇಟಿನ ಅಂಟೇ ಬಿಟ್ಟುಹೋಗತ್ತೆ. ಕೆಲಸ ಆದ್ಮೇಲೆ ಆಯಿಲ್ ಲೆವೆಲ್ ನೋಡೋವಾಗ ಗೇರ್ ನ್ಯೂಟ್ರಲ್‌ನಲ್ಲಿ ಇರಲಿ.

ಉತ್ತರ 1: ನ್ಯೂಟ್ರಲ್ ಡಾಜ್ ರಾಮಿಗೆ ಸ್ವಾಮಿ! ಸಿಲ್ವರಾಡೊಗೆ ಪಾರ್ಕ್, ಎಂಜಿನ್ ಓಡ್ತಿರಬೇಕು, ಆಯಿಲ್ ಬಿಸಿ ಇರಬೇಕು. ತಪ್ಪು ಹೇಳಿ ಜನರ ಗೇರ್‌ಬಾಕ್ಸ್ ಕೆಡಿಸಬೇಡಿ.

ಉತ್ತರ 4: ರಾಮ್ ಇಟ್ಟುಕೊಂಡವರೂ ಓದ್ತಾರೆ, ಅದಕ್ಕೇ ಬರೆದೆ. ಆ ಕಾಲದ ರಾಮಿಗೆ ಹಾಕೋದು ಎಟಿಎಫ್+4 ಆಯಿಲ್, ಸಿಲ್ವರಾಡೊಗೆ ಹಾಕೋ ಡೆಕ್ಸ್ರಾನ್ ಅಲ್ಲ, ಅದನ್ನೂ ಸೇರಿಸಿಕೊಳ್ಳಿ.

ಉತ್ತರ 3: ಚಳಿ ಪ್ರದೇಶದಲ್ಲಿ ರೇಡಿಯೇಟರ್ ಬಿಟ್ರೆ ಆಯಿಲ್ ಬಿಸಿಯೇ ಆಗಲ್ಲ. ಮೊದಲು ರೇಡಿಯೇಟರ್, ಆಮೇಲೆ ಹೊರಗಿನ ಕೂಲರ್, ಸಾಲಾಗಿ ಜೋಡಿಸಿ.

ಉತ್ತರ 4: ಸಾಲಾಗಿ ಜೋಡಿಸಿದ್ರೆ ತೂತಾಗೋ ಭಯ ಎಲ್ಲಿ ಹೋಯ್ತು? ಥರ್ಮೋಸ್ಟ್ಯಾಟ್ ಬೈಪಾಸ್ (ಆಯಿಲ್ ಬಿಸಿಯಾಗೋವರೆಗೆ ಅದನ್ನ ಕೂಲರಿಗೆ ಬಿಡದ ವಾಲ್ವ್) ಇರೋ ಕೂಲರ್ ಸಿಗತ್ತೆ, ಅದನ್ನ ಹಾಕಿ.

ಉತ್ತರ 2: ಕೇಳಿದವರೇ, ಯಾವುದನ್ನ ಹಾಕಿದ್ರೂ ಪೈಪ್ ಚಾಸಿಗೆ ತಾಗೋ ಬ್ರಾಕೆಟ್ ಬಿಚ್ಚಿ ನೋಡಿ. ಮಣ್ಣು, ಉಪ್ಪು ಅಲ್ಲೇ ನಿಲ್ಲೋದು. ಉಗುರಲ್ಲಿ ಕೆರೆದಾಗ ಹೊಪ್ಪಳೆ ಎದ್ರೆ, ಆ ಪೈಪಿನ ತುದಿಗೆ ಏನು ಹಾಕಿದ್ರೂ ಪ್ರಯೋಜನ ಇಲ್ಲ. ನಿಕ್ಕಲ್-ತಾಮ್ರದ ಪೈಪ್ ತನ್ನಿ. ಸುಲಭವಾಗಿ ಬಗ್ಗತ್ತೆ, ತುಕ್ಕು ಹಿಡಿಯಲ್ಲ.