ಯು ಇಲ್ಲದ ಕ್ಯೂ ಪದಗಳು: ಅರ್ಥ ಏನು, ಬಂದದ್ದು ಎಲ್ಲಿಂದ?

ಅಕ್ಷರದ ಬಿಲ್ಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಸ್ಕ್ರ್ಯಾಬಲ್ ಆಡುವವರಿಗೆ ಈ ಸಂಕಟ ಗೊತ್ತೇ ಇರುತ್ತದೆ. ಕೈಗೆ ಕ್ಯೂ ಬಂದಿದೆ, ಯು ಬಂದಿಲ್ಲ. 100 ಬಿಲ್ಲೆಗಳಲ್ಲಿ ಕ್ಯೂ ಒಂದೇ ಒಂದು, ಅದಕ್ಕೆ 10 ಅಂಕ. ಯು ಇರುವುದು ನಾಲ್ಕು. ಅಷ್ಟೂ ಆಗಲೇ ಬೋರ್ಡಿನ ಮೇಲೆ ಕೂತುಬಿಟ್ಟಿದ್ದರೆ ಆಟ ಮುಗಿಯುವ ಹೊತ್ತಿಗೆ ಆ ಕ್ಯೂ ಕೈಯಲ್ಲೇ ಉಳಿದು ಇರುವ ಅಂಕವನ್ನೂ ಕಳೆಯುತ್ತದೆ. ಅದಕ್ಕೇ ಆಟಗಾರರು ಯು ಬೇಡದ ಪುಟ್ಟ ಪದಗಳ ಪಟ್ಟಿ ಹಿಡಿದು ಬಾಯಿಪಾಠ ಮಾಡುತ್ತಾರೆ, ಅರ್ಥದ ಗೋಜಿಗೇ ಹೋಗದೆ. ಕನ್ನಡ ಬಲ್ಲವರು ಹೀಗೆ ಸುಮ್ನೆ ಉರು ಹೊಡೆಯಬೇಕಾಗಿಲ್ಲ ಅನ್ನುವುದು ನನ್ನ ವಾದ. ಇವುಗಳಲ್ಲಿ ಬಹಳಷ್ಟು ನಮ್ಮ ತಾಲೂಕು ಕಚೇರಿಯ ಪದಗಳ ನೆಂಟರು.

ಮೊದಲು, ಇಂಗ್ಲಿಷಿನಲ್ಲಿ ಕ್ಯೂ ಬೆನ್ನಿಗೆ ಯು ಬರಬೇಕೆನ್ನುವ ಈ ಕಾಟ ಯಾಕೆ ಅಂತ ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ಕ್ವೀನ್ ಪದವನ್ನು ಸಿ, ಡಬ್ಲ್ಯು ಹಾಕಿ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ರೂಢಿಯ ಲಿಪಿಕಾರರು ಅದನ್ನು ತೆಗೆದು ಕ್ಯೂ-ಯು ಜೋಡಿ ತಂದರು. ಆ ಜೋಡಿ ಲ್ಯಾಟಿನ್ನಿನದು. ಹಾಗಾಗಿ ಪಕ್ಕದಲ್ಲಿ ಯು ಇಲ್ಲದ ಕ್ಯೂ ಕಂಡರೆ ಪದ ಹೊರಗಿನದು ಅಂತ ಹೆಚ್ಚುಕಡಿಮೆ ಹೇಳಿಬಿಡಬಹುದು. ಟ್ರ್ಯಾಂಕ್ (ಮನಸ್ಸು ಶಾಂತ ಮಾಡುವ ಔಷಧಿಯ ಹೆಸರನ್ನು ತುಂಡು ಮಾಡಿದ್ದು), ಕ್ವರ್ಟಿ (ಕೀಬೋರ್ಡಿನ ಮೊದಲ ಆರು ಅಕ್ಷರ), ಇಂಥ ಒಂದೆರಡು ಬಿಟ್ಟು.

ಹೊರಗಿನದು ಅಂದರೆ ಜಾಸ್ತಿ ಅರಬ್ಬಿಯದೇ. ಅರಬ್ಬಿಯಲ್ಲಿ ಕಾಫ್ ಅಂತ ಎರಡು ಅಕ್ಷರ ಇವೆ. ಒಂದು ನಮ್ಮ ಕ ಇದ್ದಹಾಗೆ. ಇನ್ನೊಂದನ್ನು ಕಿರುನಾಲಿಗೆಯ ಹತ್ತಿರದಿಂದ, ಗಂಟಲಿನಾಳದಿಂದ ಹೊರಡಿಸಬೇಕು. ಈ ಎರಡನೆಯದಕ್ಕೆ ಇಂಗ್ಲಿಷಿನವರು ಕ್ಯೂ ಬರೆಯುತ್ತಾರೆ. ನಮ್ಮಲ್ಲಿ ಆ ದನಿ ಇಲ್ಲ, ಅದಕ್ಕೆ ಪರ್ಷಿಯನ್, ಉರ್ದು ದಾಟಿ ಕನ್ನಡಕ್ಕೆ ಬರುವಾಗ ಅದು ಕ ಆಯಿತು, ಕೆಲವೊಮ್ಮೆ ಖ ಆಯಿತು. ಬಾಕಿ, ಹಕ್ಕು, ಫರಕು, ಕರಾರು, ಕಿಮ್ಮತ್ತು, ಕಬೂಲು, ಇಲಾಖೆ, ತಾಲೂಕು, ಎಲ್ಲದರಲ್ಲೂ ಇರುವುದು ಈ ಆಳದ ಕಾಫೇ. ಕಿತಾಬಿನಲ್ಲಿ ಇರುವುದು ಮಾತ್ರ ಮಾಮೂಲಿ ಕ. ಖಜಾನೆಯ ಖ ಇನ್ನೂ ಬೇರೆ, ಅದು ಗಂಟಲು ಉಜ್ಜಿ ಹೊರಡುವ ಮೂರನೆಯ ದನಿ. ಖೈದಿ, ಖಜಾನೆ ಎರಡನ್ನೂ ನಾವು ಒಂದೇ ಖ ಹಾಕಿ ಬರೆಯುತ್ತೇವೆ, ಮೂಲದಲ್ಲಿ ಬೇರೆ ಬೇರೆ ಅಕ್ಷರ.

ಈಗ ಪದಗಳಿಗೆ ಬರೋಣ. ಕ್ಯೂ-ಎ-ಡಿ-ಐ ಅಂದರೆ ನಮ್ಮ ಖಾಜಿ, ಇಸ್ಲಾಮೀ ಕಾನೂನಿನ ನ್ಯಾಯಾಧೀಶ. ಅದರ ಡಿ, ಐ ಹಿಂದುಮುಂದಾಗಿ ಕ್ಯೂ-ಎ-ಐ-ಡಿ ಆದರೆ ನಾಯಕ, ಮುಖಂಡ. ಇದನ್ನು ಖೈದಿಯ ಜೊತೆ ಗಂಟು ಹಾಕಬೇಡಿ, ಮೂಲ ಬೇರೆ. ಎಸ್-ಯು-ಕ್ಯೂ ಅಂದರೆ ಅರಬ್ ಊರುಗಳ ಪೇಟೆ. ಇದರಲ್ಲಿ ಯು ಇದೆ ನಿಜ, ಆದರೆ ಕ್ಯೂಗೆ ಮೊದಲೇ ಬಂದು ಕೂತಿದೆ. ಕ್ಯೂ-ಎ-ಟಿ ಒಂದು ಗಿಡ. ಯೆಮೆನ್, ಇಥಿಯೋಪಿಯ, ಸೊಮಾಲಿಯ ಕಡೆ ಇದರ ಹಸಿ ಎಲೆ ಅಗಿಯುತ್ತಾರೆ, ಸ್ವಲ್ಪ ಅಮಲು, ಉತ್ಸಾಹ ಬರುತ್ತದಂತೆ. ತಲಾಖ್, ಬುರ್ಖಾ, ನಿಖಾಬ್ ಮೂರಕ್ಕೂ ಕ್ಯೂ ಕಾಗುಣಿತ ನಡೆಯುತ್ತದೆ.

ಫಕೀರನಿಗೂ ನಡೆಯುತ್ತದೆ. ಅರಬ್ಬಿಯಲ್ಲಿ ಫಕೀರ ಅಂದರೆ ಬಡವ ಅಷ್ಟೇ, ಸಾಧುವಿನ ಅರ್ಥ ಆಮೇಲಿನದು. ಇಂಗ್ಲಿಷಿನಲ್ಲಿ ಇದನ್ನು ಕೆ ಹಾಕಿಯೂ ಬರೆಯುತ್ತಾರೆ, ಕ್ಯೂ ಹಾಕಿಯೂ ಬರೆಯುತ್ತಾರೆ. ನಮ್ಮಲ್ಲಿ ಅದು ದೇವರ ಹೆಸರಿಗೇ ಏರಿದೆ, ಶಿರಹಟ್ಟಿಯ ಫಕೀರೇಶ್ವರ ಮಠ ಇದೆಯಲ್ಲ, ಆ ಕಡೆ ಫಕೀರಪ್ಪ ಅನ್ನುವ ಹೆಸರೂ ಹೊಸದೇನಲ್ಲ.

ನನಗೆ ಇವುಗಳಲ್ಲಿ ಬಹಳ ಇಷ್ಟ ಕನಾತ್. ಕ್ಯೂ-ಎ-ಎನ್-ಎ-ಟಿ. ಇರಾನಿನಲ್ಲಿ ಬೆಟ್ಟದ ಬುಡದ ಅಂತರ್ಜಲವನ್ನು ನೆಲದಡಿಯ ಸುರಂಗದಲ್ಲಿ, ಬರೀ ಇಳಿಜಾರಿನ ಬಲದಿಂದ, ಪಂಪು ಏತ ಯಾವುದೂ ಇಲ್ಲದೆ ಊರಿನವರೆಗೆ ಹರಿಸುವ ಏರ್ಪಾಡು. ದಾರಿಯುದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಗುಂಡಿ ತೋಡಿರುತ್ತಾರೆ, ಮಣ್ಣು ತೆಗೆಯಲು, ಗಾಳಿ ಆಡಲು. ಇದಕ್ಕೇ ಪರ್ಷಿಯನ್ ಹೆಸರು ಕರೇಜ್. ಬೀದರಿನವರು ಈಗ ನಗುತ್ತಿರಬಹುದು, ಯಾಕಂದರೆ ಬಹಮನಿ ಕಾಲದ ಕರೇಜ್ ಅವರ ಊರಿನ ನೌಬಾದಿನಲ್ಲೇ ಇದೆ. ಡಿಕ್ಷನರಿಯಲ್ಲಿ ಪರದೇಶಿಯ ಹಾಗೆ ಕಾಣುವ ವಸ್ತುವನ್ನು ನಮ್ಮ ನೆಲದಲ್ಲೇ ಇಳಿದು ನೋಡಬಹುದು.

ಅರಬ್ಬಿ ಅಲ್ಲದವೂ ಇವೆ. ಆಟದಲ್ಲಿ ಎಲ್ಲಕ್ಕಿಂತ ಕೆಲಸಕ್ಕೆ ಬರುವುದು ಎರಡೇ ಅಕ್ಷರದ ಕ್ಯೂ-ಐ. ಇದನ್ನು ಕೀ ಅಂತ ಓದಬಾರದು, ಚೀ ಅನ್ನಬೇಕು. ಚೀನೀ ಭಾಷೆಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿ 1958ರಲ್ಲಿ ಜಾರಿಗೆ ಬಂತು, ಅದರಲ್ಲಿ ಕ್ಯೂ ಅಕ್ಷರ ಚಕಾರದಂಥ ದನಿಗೆ ಮೀಸಲು. ಅರ್ಥ ಉಸಿರು, ಗಾಳಿ, ಮೈಯೊಳಗೆ ಹರಿಯುವ ಶಕ್ತಿ, ಪ್ರಾಣ ಅಂದರೆ ಸುಮಾರಾಗಿ ಸರಿಹೋಗುತ್ತದೆ. ಉತ್ತರ ಅಮೆರಿಕದ ಟೂರ್ನಿಗಳಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು 2006ರಲ್ಲಿ. ಕೊನೆಗೆ ಎಸ್ ಹಚ್ಚಿದರೂ ನಡೆಯುತ್ತದೆ. ಕ್ಯೂನಲ್ಲಿ ಮುಗಿಯುವ ಉಮಿಯಾಕ್ ಅನ್ನುವುದು ಉತ್ತರ ಧ್ರುವದ ಕಡೆಯ ಇನುಯಿಟ್ ಜನರ ತೊಗಲಿನ ದೋಣಿ. ಕ್ಯೂ-ಓ-ಪಿ-ಎಚ್ ಹೀಬ್ರೂ ವರ್ಣಮಾಲೆಯ ಒಂದು ಅಕ್ಷರ. ತಮಾಷೆ ಏನಂದರೆ ಇಂಗ್ಲಿಷಿನ ಕ್ಯೂ ಹುಟ್ಟಿದ್ದೇ ಇದರ ಫಿನೀಷಿಯನ್ ರೂಪದಿಂದ, ಗ್ರೀಕ್ ಮತ್ತು ಲ್ಯಾಟಿನ್ ದಾಟಿ. ಅಂದರೆ ಮೂಲ ಮನೆಯಲ್ಲಿ ಅದಕ್ಕೆ ಯು ಬೇಕೇ ಇರಲಿಲ್ಲ. ಇರಾಕ್, ಕತಾರ್, ಆಸ್ಟ್ರೇಲಿಯದ ವಿಮಾನ ಕಂಪನಿ ಕ್ವಾಂಟಾಸ್ ಮಾತ್ರ ಇಡಬೇಡಿ, ಅಂಕಿತನಾಮ ನಡೆಯುವುದಿಲ್ಲ.

ಈಗ ನನ್ನ ಪ್ರಶ್ನೆ. ಕಲಬುರಗಿ, ಬೀದರ್, ವಿಜಯಪುರದ ಕಡೆ ಉರ್ದುವಿನ ಒಡನಾಟ ಜಾಸ್ತಿ ಅಲ್ವಾ, ಅಲ್ಲಿ ಕನ್ನಡ ಮನೆಮಾತಿನವರು ಖಾಜಿ ಅನ್ನುತ್ತಾರೋ ಕಾಜಿ ಅನ್ನುತ್ತಾರೋ? ಖೈದಿಯೋ ಕೈದಿಯೋ? ಬರಹದಲ್ಲಿ ಎರಡೂ ಕಾಣುತ್ತವೆ, ಬಾಯಲ್ಲಿ ಯಾವುದು ಅಂತ ಆ ಕಡೆಯವರು ತಿಳಿಸಿ.